ತಿಪ್ಪೆ ಯಾರ ಲೆಕ್ಕಕ್ಕೆ?

ಕಲಬುರಗಿ ಜಿಲ್ಲೆಯ ಆಳಂದದಿಂದ ಉಮರ್ಗಾ ಕಡೆ ಹೋಗುವ ದಾರಿಯಲ್ಲಿ, ಮಹಾರಾಷ್ಟ್ರದ ಗಡಿಗೆ ಹತ್ತಿರ ಇರುವ ಊರು ಖಜೂರಿ. ಇಂಥ ಊರುಗಳಲ್ಲಿ ಕೊಳೆಯುವ ವಸ್ತುವಿಗೆ ಎರಡು ಕಡೆ ಲೆಕ್ಕವಿದೆ. ಓಣಿಯಲ್ಲಿ ಬಿದ್ದರೆ ಅದು ಪಂಚಾಯಿತಿಯ ಕಸ, ಹೊಲದಲ್ಲಿ ಬಿದ್ದರೆ ಕೃಷಿ ಇಲಾಖೆಯ ಸಾವಯವ ಗೊಬ್ಬರ. ಇವೆರಡರ ನಡುವೆ ಕೂತ ತಿಪ್ಪೆಯನ್ನು ಯಾರೂ ತಮ್ಮದೆನ್ನುವುದಿಲ್ಲ. ಸ್ವಚ್ಛತೆಯ ಅಭಿಯಾನ ಬಂದಾಗ ರಸ್ತೆ ಬದಿಯ ತಿಪ್ಪೆ ಎತ್ತಿಸುತ್ತಾರೆ. ಎತ್ತಿದ್ದನ್ನು ಎಲ್ಲಿ ಹಾಕಬೇಕೆಂದು ಮಾತ್ರ ಹೇಳುವುದಿಲ್ಲ. ತಿಪ್ಪೆಯನ್ನು ನೈರ್ಮಲ್ಯದ ಖಾತೆಯಿಂದ ತೆಗೆದು ಒಕ್ಕಲುತನದ ಖಾತೆಗೆ ಬರೆಯಬೇಕು ಎಂಬುದು ನನ್ನ ವಾದ. ಅಲ್ಲಿಯವರೆಗೆ ಎಷ್ಟು ತೊಟ್ಟಿ ಕಟ್ಟಿಸಿದರೂ ಹೊಲದಿಂದ ಬಂದದ್ದು ಹೊಲಕ್ಕೆ ತಿರುಗಿ ಹೋಗುವುದಿಲ್ಲ.

ತಿಪ್ಪೆ ತಾನಾಗಿ ಕರಗಲಿಲ್ಲ. ಜೋಳ ಬಿತ್ತುವ ಕಾಲಕ್ಕೆ ಕಣಕಿ ಇತ್ತು, ಕಣಕಿ ಇದ್ದುದಕ್ಕೆ ಎತ್ತು ಎಮ್ಮೆ ಇದ್ದವು, ಅವು ಇದ್ದುದಕ್ಕೆ ಹೆಂಡಿ ಇತ್ತು. ಒಂದಷ್ಟು ಹೆಂಡಿ ಕುಳ್ಳಾಗಿ ಒಲೆಗೆ ಹೋದರೂ ಉಳಿದದ್ದು ಒಲೆಯ ಬೂದಿ, ದನ ತಿಂದುಬಿಟ್ಟ ಕಣಕಿ, ಅಂಗಳದ ಕಸದ ಜತೆ ತಿಪ್ಪೆ ಸೇರುತ್ತಿತ್ತು. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಕುರಿ ನಿಲ್ಲಿಸಿ, ಕುರುಬರಿಗೆ ಕಾಳು ಕೊಡುವ ವ್ಯವಹಾರವೂ ಇತ್ತು. ಈಗ ಜೋಳದ ಹೊಲ ತೊಗರಿಗೆ, ಹತ್ತಿಗೆ, ನೀರಿದ್ದಲ್ಲಿ ಕಬ್ಬಿಗೆ ಹೋಗಿದೆ. ಗಳೆ ಹೊಡೆಯಲು ಟ್ರ್ಯಾಕ್ಟರ್ ಬಂದಿದೆ. ದನ ಕಡಿಮೆಯಾದ ಮನೆಯಲ್ಲಿ ತಿಪ್ಪೆ ಬೆಳೆಯುವುದಾದರೂ ಹೇಗೆ? ರೈತ ಗೊಬ್ಬರ ಹಾಕುವುದನ್ನು ಮರೆತಿದ್ದಾನೆ ಎಂದು ಬೋಧಿಸುವವರು ಈ ಸರಪಳಿಯನ್ನು ಒಮ್ಮೆ ನೋಡಬೇಕು.

ಆದರೆ ಕೊಳೆಯಬಲ್ಲ ವಸ್ತುವಿಗೆ ಇಲ್ಲಿ ಬರವಿಲ್ಲ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಬೇಳೆ ಪೇಟೆಗೆ ಹೋಗುತ್ತದೆ, ಹೊಟ್ಟು ದನಕ್ಕೆ ಹೋಗುತ್ತದೆ, ಗಿಡದ ಕಟ್ಟಿಗೆ ಬದುವಿನಲ್ಲಿ ಉಳಿಯುತ್ತದೆ. ಮೊದಲು ಅದು ಒಲೆಗೆ, ಬೇಲಿಗೆ, ಗುಡಿಸಲ ಮೇಲಿನ ಹೊದಿಕೆಗೆ ಬೇಕಾಗುತ್ತಿತ್ತು. 2016ರ ಉಜ್ವಲಾ ಯೋಜನೆಯ ನಂತರ ಅನೇಕ ಮನೆಗಳಿಗೆ ಗ್ಯಾಸ್ ಬಂತು. ಹೆಣ್ಣುಮಕ್ಕಳ ಕಣ್ಣು, ಎದೆ ಹೊಗೆಯಿಂದ ಪಾರಾದದ್ದು ದೊಡ್ಡ ಸಂಗತಿ, ಅದಕ್ಕೆ ಯಾರೂ ಮರುಗಬೇಕಿಲ್ಲ. ಆದರೆ ಒಲೆಯಲ್ಲಿ ಉರಿಯಬೇಕಿದ್ದ ಕಟ್ಟಿಗೆ ಈಗ ರಾಶಿಯಾದ ಮೇಲೆ ಬದುವಿನಲ್ಲೇ ಉರಿಯುತ್ತಿದೆ. ಬೂದಿಯಲ್ಲಿ ಪೊಟ್ಯಾಷ್ ಉಳಿದೀತು. ಸಾರಜನಕವೂ ಇಂಗಾಲವೂ ಬಹುಪಾಲು ಗಾಳಿಗೆ ಹೋಗುತ್ತವೆ.

ಇಲ್ಲೊಂದು ಪ್ರಾಮಾಣಿಕ ಲೆಕ್ಕ ಹಾಕಬೇಕು. ಸಾವಯವದ ಪರ ಮಾತಾಡುವವರು ಸಾಮಾನ್ಯವಾಗಿ ಇದನ್ನು ಬಿಟ್ಟುಬಿಡುತ್ತಾರೆ. 45 ಕೆ.ಜಿ. ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ. ಅದರಲ್ಲಿ ಸಾರಜನಕ ಶೇ. 46, ಅಂದರೆ ಸುಮಾರು 20 ಕೆ.ಜಿ. ಒಳ್ಳೆಯ ತಿಪ್ಪೆ ಗೊಬ್ಬರದಲ್ಲಿ ಸಾರಜನಕ ಶೇ. ಅರ್ಧದಷ್ಟು, ಟನ್ನಿಗೆ 5 ಕೆ.ಜಿ. ಒಂದು ಚೀಲ ಯೂರಿಯಾಕ್ಕೆ ಸಮನಾಗಲು ನಾಲ್ಕು ಟನ್ ಗೊಬ್ಬರ ತುಂಬಬೇಕು, ಸಾಗಿಸಬೇಕು, ಚೆಲ್ಲಬೇಕು. ಕೂಲಿ, ಟ್ರ್ಯಾಕ್ಟರ್ ಬಾಡಿಗೆ ಸೇರಿದರೆ ತಿಪ್ಪೆ ಈ ಪೈಪೋಟಿಯಲ್ಲಿ ಸೋತಂತೆಯೇ. ಯೂರಿಯಾ ಹಿಡಿದ ರೈತನನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ.

ಆದರೆ ತೊಗರಿ ಹೊಲಕ್ಕೆ ಸಾರಜನಕ ಅಷ್ಟೊಂದು ಬೇಕೆ? ತೊಗರಿ ತನ್ನ ಬೇರುಗಂಟಿನಲ್ಲಿ ಅದನ್ನು ತಾನೇ ಕಟ್ಟಿಕೊಳ್ಳುತ್ತದೆ, ಉದುರಿದ ಎಲೆಯಿಂದ ಮುಂದಿನ ಬೆಳೆಗೂ ಒಂದಿಷ್ಟು ಬಿಡುತ್ತದೆ. ಇಲ್ಲಿನ ಮಣ್ಣಿನ ಕೊರತೆ ಬೇರೆ. 2009ರಲ್ಲಿ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯ ಜತೆ ರಾಜ್ಯ ಸರ್ಕಾರ ಶುರುಮಾಡಿದ ಭೂಚೇತನ ಯೋಜನೆಯ ಮಣ್ಣು ಪರೀಕ್ಷೆಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ರಾಜ್ಯದ ಉದ್ದಗಲಕ್ಕೂ ಕಂಡಿತು, ಸಾವಯವ ಇಂಗಾಲವೂ ಕಡಿಮೆಯಿತ್ತು. ಮಳೆ ಕೈಕೊಟ್ಟ ವರ್ಷ ಕಾಲು ತೂರುವಷ್ಟು ಬಿರುಕು ಬಿಡುವ ಕರಿಮಣ್ಣಿಗೆ ಬೇಕಾದದ್ದು ಮಳೆ ನೀರು ಇಂಗಿಸಿಕೊಳ್ಳುವ ಗುಣ. ಆ ಗುಣ ಯೂರಿಯಾ ಚೀಲದಲ್ಲಿ ಬರುವುದಿಲ್ಲ. ಸಾರಜನಕದ ತಕ್ಕಡಿಯಲ್ಲಿ ತೂಗಿದ್ದರಿಂದಲೇ ತಿಪ್ಪೆ ಹಗುರವಾಗಿ ಕಂಡಿತು.

ತೊಗರಿ ಕಟ್ಟಿಗೆ ಹಾಗೇ ಕೊಳೆಯುವಂಥದ್ದಲ್ಲ. ಗಟ್ಟಿ, ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಹಾಗೇ ಹೊಲಕ್ಕೆ ಹಾಕಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಬೆಳೆಯ ಪಾಲಿನ ಸಾರಜನಕವನ್ನೇ ತಿನ್ನುತ್ತವೆ. ಕತ್ತರಿಸಿ, ಹೆಂಡಿ ನೀರು ಕುಡಿಸಿ, ಮುಚ್ಚಿಡಬೇಕು. ಬ್ರಿಟಿಷ್ ಕೃಷಿ ವಿಜ್ಞಾನಿ ಆಲ್ಬರ್ಟ್ ಹೋವರ್ಡ್ 1920ರ ದಶಕದಲ್ಲಿ ಇಂದೋರಿನಲ್ಲಿ ರೂಪಿಸಿದ ಕಾಂಪೋಸ್ಟ್ ವಿಧಾನ ಜಗತ್ತಿಗೆಲ್ಲ ಗೊತ್ತು. ಅದರಲ್ಲಿ ಗುಡ್ಡೆಯನ್ನು ಮತ್ತೆ ಮತ್ತೆ ತಿರುವಬೇಕು, ಒಣಗದಂತೆ ನೀರು ಹೊಡೆಯುತ್ತಿರಬೇಕು. ಕುಡಿಯುವ ನೀರಿಗೇ ಕೊಡ ಹಿಡಿದು ನಿಲ್ಲುವ ಬೇಸಿಗೆಯಲ್ಲಿ ಆಳಂದ, ಜೇವರ್ಗಿಯ ರೈತ ಅದನ್ನು ಮಾಡಲಾರ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯರು 1939ರಲ್ಲಿ ರೂಪಿಸಿದ ಬೆಂಗಳೂರು ವಿಧಾನ ನಮ್ಮ ಒಣ ಸೀಮೆಗೆ ಹೆಚ್ಚು ಒಗ್ಗುತ್ತದೆ. ಗುಂಡಿಯಲ್ಲಿ ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ ಬಿಟ್ಟರಾಯಿತು. ತಿರುವುವ ಕೆಲಸವಿಲ್ಲ, ತೇವ ಆರುವುದು ಕಡಿಮೆ. ಆರರಿಂದ ಎಂಟು ತಿಂಗಳು ಬೇಕು. ಜನವರಿಯ ರಾಶಿ ಮುಗಿಸಿ ಫೆಬ್ರುವರಿಯಲ್ಲಿ ಮುಚ್ಚಿದ ಗುಂಡಿ ಸೆಪ್ಟೆಂಬರ್ ಹೊತ್ತಿಗೆ, ಹಿಂಗಾರಿ ಜೋಳ, ಕಡಲೆ ಬಿತ್ತುವ ಮೊದಲು ಸಿದ್ಧ. ಈ ಹೊಂದಾಣಿಕೆ ಕೃಷಿ ಇಲಾಖೆಯ ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಬರಬೇಕು.

ಆಚಾರ್ಯರ ವಿಧಾನದಲ್ಲಿ ಪಟ್ಟಣದ ಕಸದ ಜತೆ ಪದರವಾಗಿ ಹಾಕುತ್ತಿದ್ದುದು ಮಲ ಎಂಬುದನ್ನೂ ಹೇಳಲೇಬೇಕು. ಅದನ್ನು ಹೊತ್ತ ತಲೆಗಳು ಯಾವ ಜಾತಿಯವು ಎಂಬುದು ನಮಗೆಲ್ಲ ಗೊತ್ತು. 1993ರಲ್ಲಿ, ಮತ್ತೆ 2013ರಲ್ಲಿ ಕಾನೂನು ತಂದು ಆ ಕೆಲಸ ನಿಷೇಧಿಸಬೇಕಾಯಿತು. ಸಂಪನ್ಮೂಲ ಉಳಿಸುವ ಹೆಸರಿನಲ್ಲಿ ಆ ಹೊರೆಯನ್ನು ಯಾರ ತಲೆಗೂ ಮತ್ತೆ ಏರಿಸಕೂಡದು. ಹೆಂಡಿಯಿಂದಲೇ ಈ ಗುಂಡಿ ಚೆನ್ನಾಗಿ ನಡೆಯುತ್ತದೆ.

ಬೆಂಕಿಯನ್ನು ಪೂರ್ತಿ ಬಿಡಿ ಎಂದೂ ನಾನು ಹೇಳಲಾರೆ. 2022ರ ಹಂಗಾಮಿನಲ್ಲಿ ಈ ಜಿಲ್ಲೆಯ ತೊಗರಿ ನೆಟೆ ರೋಗಕ್ಕೆ ಸಿಕ್ಕಿ, ಕಾಯಿ ಕಟ್ಟುವ ಹೊತ್ತಿಗೆ ಹೊಲ ಹೊಲವೇ ಒಣಗಿ ನಿಂತಿತ್ತು. ನೆಟೆಯ ಶಿಲೀಂಧ್ರ ಸತ್ತ ಗಿಡದ ಬುಡದಲ್ಲಿ, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ನೆಟೆ ಹತ್ತಿದ ಗಿಡವನ್ನು ಬೇರು ಸಮೇತ ಕಿತ್ತು ಸುಡುವುದೇ ಸರಿ. ಆರೋಗ್ಯವಾಗಿದ್ದ ಹೊಲದ ಕಟ್ಟಿಗೆಯನ್ನೂ ಅದೇ ಬೆಂಕಿಗೆ ಹಾಕುವುದು ನಷ್ಟ.

ಭೀಮೆಯ ದಂಡೆಗೆ ಬಂದರೆ ಕಬ್ಬು. ಅಫಜಲಪುರದ ಹವಳಗಾ, ಆಳಂದದ ಭೂಸನೂರು, ಯಡ್ರಾಮಿಯ ಮಳ್ಳಿಯಲ್ಲಿ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಇಡುವುದು ಇಲ್ಲಿಯೂ ಅಭ್ಯಾಸ. ಅದನ್ನು ಸಾಲಿನ ನಡುವೆ ಹಾಸಿದರೆ ಕೂಳೆ ಕಬ್ಬಿಗೆ ತೇವ ಉಳಿಯುತ್ತದೆ. ಕಾರ್ಖಾನೆಯಲ್ಲಿ ಅರೆದ ಕಬ್ಬಿನ ತೂಕದಲ್ಲಿ ಶೇ. 3ರಿಂದ 4ರಷ್ಟು ರಸ ಸೋಸಿದ ಮಡ್ಡಿಯಾಗಿ, ಅಂದರೆ ಪ್ರೆಸ್‌ಮಡ್ ಆಗಿ ಬರುತ್ತದೆ. ರಂಜಕ ಇರುವ ಒಳ್ಳೆಯ ಗೊಬ್ಬರದ ಸರಕು ಇದು. ಈಗ ಪ್ರೆಸ್‌ಮಡ್‌ನಿಂದ ಜೈವಿಕ ಅನಿಲ ತೆಗೆಯುವ ಕಾಲ ಬಂದಿದೆ. ಅನಿಲ ತೆಗೆಯಲಿ. ಅನಿಲವಾಗಿ ಹೋಗುವುದು ಇಂಗಾಲದ ಒಂದು ಪಾಲು ಮಾತ್ರ, ಸಾರಜನಕ, ರಂಜಕ, ಸತು ಉಳಿದ ರಾಡಿಯಲ್ಲೇ ಇರುತ್ತವೆ. ಆ ರಾಡಿ ಕಬ್ಬು ಕೊಟ್ಟ ರೈತನ ಹೊಲಕ್ಕೇ ಮರಳಬೇಕು ಎಂಬ ಕರಾರು ಕಬ್ಬಿನ ದರದ ಮಾತುಕತೆಯಲ್ಲಿ ಸೇರಲಿ.

ಊರೊಳಗಿನ ಹಸಿ ಕಸಕ್ಕೆ ಅಡ್ಡಿ ಪ್ಲಾಸ್ಟಿಕ್. ಇವತ್ತಿನ ತಿಪ್ಪೆಗೆ ಸಲಿಕೆ ಹಾಕಿದರೆ ಗುಟ್ಕಾ ಚೀಟಿ, ಶಾಂಪೂ ಪುಡಿಕೆ, ಒಡೆದ ಗಾಜು ಮೇಲೆ ಬರುತ್ತವೆ. ಅವು ಹೊಲಕ್ಕೆ ಹೋಗಿ, ಕಸ ತೆಗೆಯುವ ಹೆಂಗಸಿನ ಬೆರಳಿಗೆ ಚುಚ್ಚುತ್ತವೆ. ರಾಜ್ಯದ ಅನೇಕ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ಮಹಿಳೆಯರೇ ಸ್ವಚ್ಛ ವಾಹಿನಿ ಓಡಿಸಿ ಒಣ ಕಸ ಒಯ್ಯುತ್ತಾರೆ. ಅವರ ಸಂಬಳ ತಿಂಗಳಿಗೆ ಸರಿಯಾಗಿ ಬಂದರೆ ತಿಪ್ಪೆಯ ಅರ್ಧ ಕಾಯಿಲೆ ವಾಸಿ.

ಉಳಿದರ್ಧಕ್ಕೆ ದುಡ್ಡು ಬೇಕು. ಜೈವಿಕ ಅನಿಲ ಘಟಕಗಳಿಂದ ಬರುವ ಸಾವಯವ ಗೊಬ್ಬರಕ್ಕೆ ಟನ್ನಿಗೆ 1500 ರೂಪಾಯಿ ನೆರವು ಕೊಡಲು ಕೇಂದ್ರ ಸಂಪುಟ 2023ರ ಜೂನ್‌ನಲ್ಲಿ ಒಪ್ಪಿತು. ಖಜೂರಿಯ ರೈತ ತನ್ನ ಗುಂಡಿಯಲ್ಲಿ ಅಷ್ಟೇ ಗೊಬ್ಬರ ಮಾಡಿ ತನ್ನ ಹೊಲಕ್ಕೆ ಚೆಲ್ಲಿದರೆ ಆ ನೆರವು ಅವನಿಗಿಲ್ಲ. ಗುಂಡಿ ಕಟ್ಟಲು ಯೋಜನೆಯಿದೆ, ತುಂಬುವ ಕೈಗೆ ಕೂಲಿಯಿಲ್ಲ. ಬೇಕಾದದ್ದು ಇಷ್ಟು: ಊರಿಗೊಂದು ಕಟ್ಟಿಗೆ ಕತ್ತರಿಸುವ ಯಂತ್ರ, ಓಣಿಯಿಂದ ಎತ್ತಿಸಿದ ತಿಪ್ಪೆಗೆ ಊರ ಹೊರಗೆ ಗುರುತು ಮಾಡಿದ ಜಾಗ, ಸೆಪ್ಟೆಂಬರಿನಲ್ಲಿ ಗುಂಡಿ ಅಳೆದು ಟನ್ನಿಗೆ ಅದೇ 1500 ರೂಪಾಯಿ. ನಾಲ್ಕು ಟನ್ನಿಗೆ ಆರು ಸಾವಿರ ಕೈಗೆ ಬಂದರೆ, 266 ರೂಪಾಯಿಯ ಚೀಲದ ಎದುರು ರೈತ ಹಾಕುವ ಲೆಕ್ಕವೇ ಬೇರೆಯಾಗುತ್ತದೆ.