ಹಿರಿಯರ ಕೈಯ ಭಾರವನ್ನು ಕಸಿಯದಿರೋಣ

ಕೆಲವು ವರ್ಷಗಳ ಹಿಂದೆ ಮಠದ ಪ್ರಸಾದ ನಿಲಯದಲ್ಲಿ ಗೋಡೆಯ ಬದಿಗೆ ನಾಲ್ಕಾರು ಕುರ್ಚಿಗಳಿರುತ್ತಿದ್ದವು. ಈಗ ಪಂಕ್ತಿಯ ಅರ್ಧಭಾಗವೇ ಮೇಜು-ಕುರ್ಚಿಗಳಿಗೆ ಸರಿದಿದೆ. ಅಲ್ಲಿ ಕುಳಿತವರೆಲ್ಲರೂ ಎಂಬತ್ತು ದಾಟಿದವರಲ್ಲ. ಐವತ್ತೈದು, ಅರವತ್ತರ ಸದ್ಭಕ್ತರೂ ಇದ್ದಾರೆ. ನೆಲದ ಮೇಲೆ ಕುಳಿತರೆ ಮತ್ತೆ ಏಳುವುದು ಹೇಗೆಂಬುದೇ ಅವರ ಚಿಂತೆ. ಕುರ್ಚಿ ಒದಗಿಸಿದ್ದು ಸರಿಯೇ. ಆದರೆ ‘ಮೊಣಕಾಲು ನೋವು’ ಎಂದು ನಾವು ಮಾತು ಮುಗಿಸುವ ಈ ತೊಂದರೆಯಲ್ಲಿ ತೊಡೆಯ ಸ್ನಾಯುಗಳ ಸೊರಗುವಿಕೆಯೂ ಅನೇಕ ವೇಳೆ ಸೇರಿರುತ್ತದೆ.

ಸ್ನಾಯು ಸೊರಗುವುದೆಂದರೆ ಬಲ ಕುಂದುವುದಷ್ಟೇ ಅಲ್ಲ. ಊಟದ ಬಳಿಕ ರಕ್ತಕ್ಕೆ ಸೇರಿದ ಸಕ್ಕರೆಯನ್ನು ಇನ್ಸುಲಿನ್ನಿನ ನೆರವಿನಿಂದ ಒಳಗೆಳೆದುಕೊಳ್ಳುವ ದೊಡ್ಡ ಕಣಜವೆಂದರೆ ನಮ್ಮ ಸ್ನಾಯುಗಳೇ. ಕಣಜ ಕಿರಿದಾದರೆ ಧಾನ್ಯ ಅಂಗಳದಲ್ಲಿಯೇ ಉಳಿಯುತ್ತದೆ. ಭಾರಕ್ಕೆ ಎದುರಾಗಿ ದುಡಿಯುವ ಸ್ನಾಯು ಇನ್ಸುಲಿನ್ನಿಗಾಗಿ ಕಾಯದೆಯೂ ಸಕ್ಕರೆಯನ್ನು ಒಳಗೆ ಸೇರಿಸಿಕೊಳ್ಳಬಲ್ಲದು ಎಂಬುದು ಮಧುಮೇಹಿಗಳು ಅವಶ್ಯವಾಗಿ ಅರಿಯಬೇಕಾದ ಸಂಗತಿ.

ತೆಳ್ಳಗಿರುವವರು ‘ನನಗೇಕೆ ಇದು’ ಎನ್ನುವುದುಂಟು. 2004ರಲ್ಲಿ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯು ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯಡ್ಕಿನ್ ಅವರ ಚಿತ್ರವನ್ನು ಜೊತೆಯಾಗಿ ಪ್ರಕಟಿಸಿತು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ದೇಹದ ಕೊಬ್ಬಿನ ಪ್ರಮಾಣ ಯಡ್ಕಿನ್ ಅವರದು ಶೇ. 9.1, ಯಾಜ್ಞಿಕ್ ಅವರದು ಶೇ. 21.2! ಭಾರತೀಯರು ಸಣಕಲಾಗಿ ಕಂಡರೂ ಒಳಗೆ ಸ್ನಾಯು ಕಡಿಮೆ, ಕೊಬ್ಬು ಹೆಚ್ಚು ಇರಬಹುದು. ತಕ್ಕಡಿ ಅದನ್ನು ಹೇಳುವುದಿಲ್ಲ.

ಮುಂಜಾನೆಯ ನಡಿಗೆ ಹೃದಯಕ್ಕೆ ಒಳ್ಳೆಯದು. ಅದನ್ನು ಯಾರೂ ಬಿಡಬಾರದು. ಆದರೆ ಅದೊಂದೇ ಸಾಲದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯು ವಾರಕ್ಕೆ ಕನಿಷ್ಠ 150 ನಿಮಿಷಗಳ ಇಂಥ ಚಟುವಟಿಕೆಯ ಜೊತೆಗೆ, ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನೂ ಹೇಳುತ್ತದೆ. ನಮ್ಮ ಅಜ್ಜಂದಿರಿಗೆ ಗರಡಿಮನೆಯೂ ಜೋಳದ ಚೀಲವೂ ಇದ್ದವು. ಅಜ್ಜಿಯರಿಗೆ ಬೀಸುವ ಕಲ್ಲು, ಬಾವಿಯ ಹಗ್ಗ. ಆ ಬವಣೆ ಮರಳಿ ಬರಲೆಂದು ನಾನು ಹೇಳುತ್ತಿಲ್ಲ. ಅದು ಅನೇಕ ತಾಯಂದಿರ ಬೆನ್ನು ಬಗ್ಗಿಸಿದ್ದನ್ನೂ ಕಂಡಿದ್ದೇವೆ. ಬವಣೆಯೊಡನೆ ಭಾರವೂ ಹೋಯಿತು, ಅದರ ಸ್ಥಾನಕ್ಕೆ ಏನೂ ಬರಲಿಲ್ಲ ಎಂಬುದಷ್ಟೇ ನನ್ನ ಕೊರಗು.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ನಮ್ಮ ಪ್ರೀತಿ. ‘ಅವ್ವಾ, ನೀ ಕುಂತಿರು, ನಾ ತರ್ತೀನಿ’ ಎಂದು ಮಕ್ಕಳು ಕೊಡವನ್ನೂ ಚೀಲವನ್ನೂ ಕೈಯಿಂದ ಕಸಿದುಕೊಳ್ಳುತ್ತಾರೆ. ಕೆಲವು ವರ್ಷಗಳಲ್ಲಿ ಆಕೆ ಕುರ್ಚಿಯಿಂದ ಏಳಲೂ ಕೈ ಚಾಚುವಂತಾಗುತ್ತದೆ. ವಯಸ್ಸಾದ ಮೇಲೆ ಬಲ ಬಾರದೆಂಬುದು ತಪ್ಪು ತಿಳಿವಳಿಕೆ. 1990ರಲ್ಲಿ ಅಮೆರಿಕದ ಬಾಸ್ಟನ್ನಿನ ವೃದ್ಧರ ಶುಶ್ರೂಷಾಲಯವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನಿಂದ ಭಾರವೆತ್ತುವ ತರಬೇತಿ ನೀಡಿದ ಅಧ್ಯಯನ ಪ್ರಕಟವಾಯಿತು. ಅದನ್ನು ಪೂರ್ಣಗೊಳಿಸಿದ ಒಂಬತ್ತು ಮಂದಿಯ ಬಲ ಸರಾಸರಿ ಇಮ್ಮಡಿಗೂ ಮೀರಿ ಹೆಚ್ಚಿತು. ಇಬ್ಬರು ಊರುಗೋಲನ್ನೇ ಬಿಟ್ಟು ನಡೆದರು.

ಇದಕ್ಕೆ ಜಿಮ್ ಬೇಕಿಲ್ಲ. ಗೋಡೆಗೆ ತಾಗಿಸಿಟ್ಟ ಗಟ್ಟಿ ಕುರ್ಚಿಯಿಂದ ಕೈಯೂರದೆ ಹತ್ತು ಬಾರಿ ಎದ್ದು ಕೂರುವುದು, ಗೋಡೆಗೆ ಅಂಗೈ ಒತ್ತಿ ಎದೆಯನ್ನು ಸಮೀಪಕ್ಕೆ ತಂದು ಹಿಂದೆ ತಳ್ಳುವುದು, ನೀರು ತುಂಬಿದ ಬಾಟಲಿಗಳನ್ನು ಭುಜದವರೆಗೆ ಎತ್ತುವುದು: ಇಷ್ಟರಿಂದ ತೊಡಗಬಹುದು. ಸುಲಭವೆನಿಸಿದಾಗ ಭಾರ ಹೆಚ್ಚಿಸಬೇಕು; ಹೆಚ್ಚಿಸದಿದ್ದರೆ ಸ್ನಾಯು ಅಲ್ಲಿಯೇ ನಿಲ್ಲುತ್ತದೆ. ಎತ್ತುವಾಗ ಉಸಿರು ಬಿಗಿಹಿಡಿದರೆ ರಕ್ತದೊತ್ತಡ ಏರುತ್ತದೆ, ಆದ್ದರಿಂದ ಉಸಿರನ್ನು ಹೊರಬಿಡುತ್ತ ಎತ್ತಬೇಕು. ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ, ಮಧುಮೇಹದಿಂದ ಕಣ್ಣಿನ ತೊಂದರೆ ಉಳ್ಳವರು ವೈದ್ಯರನ್ನು ಕೇಳದೆ ತೊಡಗಬಾರದು. ಇನ್ಸುಲಿನ್ ಪಡೆಯುವವರು ಸಕ್ಕರೆ ಇಳಿದೀತೆಂದು ಬೆಲ್ಲದ ಚೂರನ್ನು ಬಳಿಯಲ್ಲಿಟ್ಟುಕೊಳ್ಳಲಿ.

ಹಲ್ಲು ಹೋಯಿತೆಂದು ಬರಿಯ ಅನ್ನ-ಸಾರಿಗೆ ಇಳಿಯುವ ಹಿರಿಯರ ತಟ್ಟೆಯಲ್ಲಿ ಮೆತ್ತಗೆ ಬೇಯಿಸಿದ ಬೇಳೆ, ಹೆಸರುಕಾಳು, ಮೊಸರು, ಶೇಂಗಾ ಚಟ್ನಿ ಪ್ರತಿ ಹೊತ್ತೂ ಸ್ವಲ್ಪ ಸ್ವಲ್ಪ ಇರಬೇಕು. ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ಅದರ ಪ್ರಮಾಣವನ್ನು ವೈದ್ಯರಿಂದ ತಿಳಿದುಕೊಳ್ಳಬೇಕು.