ಶರೀಫರ ಹಾಡಿಗೆ ಗಿಟಾರ್ ಬೇಡವೇ?

ಈ ಸಲದ ವಾರ್ಷಿಕೋತ್ಸವದಲ್ಲಿ ಶಿಶುನಾಳ ಶರೀಫರ ಒಂದು ಹಾಡನ್ನು ಗಿಟಾರ್ ಜೊತೆ ಹಾಡುತ್ತೇವೆಂದು ನಾವು ನಾಲ್ಕು ಜನ ಹೆಸರು ಕೊಟ್ಟಿದ್ದೇವೆ. ಅವತ್ತಿನಿಂದ ಎರಡು ಕಡೆಯಿಂದಲೂ ಮಾತು ಕೇಳುತ್ತಿದ್ದೇವೆ. 'ನಾತ್ ಹಾಡಿ ಸಾಕು, ಅದು ನಮ್ಮ ಹಾಡಲ್ಲ' ಎಂದರು ಕೆಲವರು. ಶರೀಫರು ಯಾರೆಂದು ಕೇಳಿದರೆ ಅವರಿಗೆ ಗೊತ್ತಿರಲಿಲ್ಲ. ಇನ್ನು ಕೆಲವರದು, 'ತತ್ವಪದಕ್ಕೆ ಗಿಟಾರ್ ಹಾಕಿ ಕೆಡಿಸಬೇಡಿ' ಎಂಬ ಬುದ್ಧಿವಾದ.

ನಮಗೆ ಈ ಆಸೆ ಹುಟ್ಟಿದ್ದು ರಘು ದೀಕ್ಷಿತ್ ಅವರ ಮೊದಲ ಆಲ್ಬಂನಿಂದ. ಅದು ಬಂದದ್ದು 2008ರಲ್ಲಿ, ಆಗ ನಾವಿನ್ನೂ ಹುಟ್ಟಿರಲಿಲ್ಲ. ಅವರು ಮೈಸೂರಿನಲ್ಲಿ ಬೆಳೆದವರು, ಓದಿದ್ದು ಮೈಕ್ರೋಬಯಾಲಜಿ, ಕಲಿತದ್ದು ಭರತನಾಟ್ಯ. ಆಲ್ಬಂನಲ್ಲಿ ಹಿಂದಿ ಹಾಡುಗಳ ಜೊತೆ ಶರೀಫರ ಎರಡು ಪದಗಳಿವೆ: ಗುಡುಗುಡಿಯದು ಒಂದು, ಸೋರುವ ಮಾಳಿಗೆಯದು ಇನ್ನೊಂದು. ಒಂದು ಇಂಗ್ಲಿಷ್ ಹಾಡೂ ಇದೆ, ಅದು ನನಗೆ ಅಷ್ಟೇನೂ ಹಿಡಿಸಲಿಲ್ಲ.

ಕಾಮರ್ಸ್ ವಿದ್ಯಾರ್ಥಿಯಾಗಿ ನನಗೆ ಕುತೂಹಲ ಇರುವುದು ಅದರ ವ್ಯಾಪಾರದ ಕಥೆಯಲ್ಲಿ. ಗಿರಾಕಿಗೆ ಬೇಕಾದದ್ದನ್ನು ತಯಾರಿಸು ಎನ್ನುತ್ತದೆ ನಮ್ಮ ಪುಸ್ತಕ. ಗಿರಾಕಿಗೆ ಬೇಕಿದ್ದದ್ದು ಸಿನಿಮಾ ಹಾಡು. ಹಾಗಾಗಿ ವರ್ಷಗಟ್ಟಲೆ ಯಾವ ಕ್ಯಾಸೆಟ್ ಕಂಪನಿಯೂ ಇವರನ್ನು ಒಪ್ಪಲಿಲ್ಲ. ಕೊನೆಗೆ ಆಲ್ಬಂ ಹೊರತಂದವರು ಹಿಂದಿ ಸಿನಿಮಾದ ಸಂಗೀತ ನಿರ್ದೇಶಕರಾದ ವಿಶಾಲ್-ಶೇಖರ್, ತಮ್ಮದೇ ಕಂಪನಿಯಿಂದ! 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದ ಮೇಲೆ ಬ್ರಿಟನ್ನಿನಲ್ಲೂ ಜನ ಕೊಂಡು ಕೇಳಿದರು. 2011ರಲ್ಲಿ ಅಲ್ಲಿನ ಸಾಂಗ್‌ಲೈನ್ಸ್ ಪತ್ರಿಕೆ ಹೊಸಬರಿಗೆ ಕೊಡುವ ಪ್ರಶಸ್ತಿಯೂ ಬಂತು. ಕನ್ನಡ ಬಾರದವರು ಕೇಳಿದ ಹಾಡಿಗೆ ನಮ್ಮಲ್ಲೇ 'ನಮ್ಮದಲ್ಲ' ಎನ್ನುವುದು ನನಗೆ ಅರ್ಥವಾಗುವುದಿಲ್ಲ. ಬರೆದವರು ಇಮಾಮ್ ಸಾಹೇಬರ ಮಗ, ಅವರ ಗುರು ಗೋವಿಂದ ಭಟ್ಟರು.

ಗಿಟಾರ್ ವಿಷಯಕ್ಕೆ ಬರುತ್ತೇನೆ. ನಮ್ಮ ಕನ್ನಡ ಮೇಡಂ, ಶರೀಫರ ಪದ ಎಂದರೆ ಸಿ. ಅಶ್ವತ್ಥ್ ದನಿಯೇ ಸರಿ ಎನ್ನುತ್ತಾರೆ. ಅಶ್ವತ್ಥ್ ಹಾಡಿದ್ದನ್ನೂ ಕೇಳಿದೆ. ದನಿಯಲ್ಲಿ ಅವರೇ ಮೇಲು, ಒಪ್ಪುತ್ತೇನೆ. ಆದರೆ ಅವರ ಹಾಡಿನಲ್ಲೂ ವಾದ್ಯಮೇಳ ಇತ್ತಲ್ಲ? ಗುಬ್ಬಿಯವರಾದ ನಾವು ಹಾರ್ಮೋನಿಯಂ ಮರೆಯಬಾರದು. ಅದು ಯೂರೋಪಿನಿಂದ ಬಂದ ಪೆಟ್ಟಿಗೆ. ಕಂಪನಿ ನಾಟಕದವರು ಅದನ್ನು ಕಾಲಲ್ಲಿ ತುಳಿದು ನುಡಿಸಿ ಕನ್ನಡದ್ದು ಮಾಡಿಕೊಂಡರು. ಗಿಟಾರ್ ಏನು ಪಾಪ ಮಾಡಿದೆ?

ಮೊನ್ನೆ ಮಳೆ ಬರುವಾಗ ಮನೆಯಲ್ಲಿ ಈ ಹಾಡು ಹಾಕಿದ್ದೆ. ದಾದಿಗೆ ಕನ್ನಡ ಸಂತೆಗೆ ಬೇಕಾದಷ್ಟೇ ಬರುತ್ತದೆ. ಏನು ಹಾಡ್ತಿದ್ದಾನೆ ಎಂದು ಕೇಳಿದರು. ಮನೆ ಸೋರುತ್ತಿದೆಯಂತೆ ಎಂದು ಉರ್ದುವಿನಲ್ಲಿ ಹೇಳಿದೆ. ನಮ್ಮ ಶೀಟಿನ ಕೆಳಗೆ ಬಕೆಟ್ ಇಟ್ಟಿತ್ತು. ದಾದಿ ಅದನ್ನು ನೋಡಿ, 'ನಮ್ಮ ಮನೆ ವಿಷಯ ಅವನಿಗೆ ಯಾರು ಹೇಳಿದರು?' ಎಂದು ನಕ್ಕರು. ಇದು ಬರೀ ಮನೆಯ ಮಾತಲ್ಲ ದಾದಿ, ಮನಸ್ಸಿನ ಮಾತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬರೆದವರು ಯಾರು ಎಂದರು. ಶರೀಫ್ ಸಾಹೇಬರು ಎಂದೆ. 'ಮತ್ತೊಂದು ಸಲ ಹಾಕು' ಎಂದರು.

ಸೋಮವಾರ ಆಯ್ಕೆ ಇದೆ. ಗಿಟಾರಿನ ಒಂದು ತಂತಿ ಹೋಗಿದೆ, ಅಷ್ಟರೊಳಗೆ ತುಮಕೂರಿನಿಂದ ತರಿಸಬೇಕು.