ಕುದುರೆ ಹಳತೇ ಇರಲಿ, ಜೀನು ಬದಲಿಸಿ

ಎಲೆಕ್ಟ್ರಿಕ್ ಗಿಟಾರಿನ ತಂತಿ ಪ್ರತಿ ಸಲವೂ ಒಂದೇ ಜಾಗದಲ್ಲಿ ತುಂಡಾಗ್ತಿದೆಯಾ? ಬ್ರಿಡ್ಜ್ ಮೇಲೆ ಅಂಗೈ ಊರಿದರೆ ತುಕ್ಕಿನ ಕಲೆ ಅಂಟುತ್ತದಾ? ಹಾಗಾದರೆ ಈ ವಾರದ ಅಂಕಣ ನಿಮಗೇ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಈ ದೂರು ಹೊಸತಲ್ಲ. ಮಣಿಪಾಲದಲ್ಲಿ ಓದುವಾಗಲೋ ಬೆಂಗಳೂರಿನ ಮೊದಲ ಸಂಬಳದಲ್ಲೋ ಕೊಂಡ ಗಿಟಾರ್ ಅದು. ಮಾಲೀಕರು ಬೆಂಗಳೂರಿನಲ್ಲಿ, ಗಿಟಾರ್ ಊರಿನ ಅಟ್ಟದಲ್ಲಿ. ಚೌತಿಗೆ ಬಂದು ಚೀಲ ಬಿಚ್ಚಿದರೆ ಸ್ಕ್ರೂಗಳೆಲ್ಲ ಕಂದು ಬಣ್ಣ. ಅದೇ ಗಿಟಾರ್ ಹಿಡಿದು ಗಣೇಶೋತ್ಸವದ ವೇದಿಕೆ ಹತ್ತಿ, ಹಾಡಿನ ನಡುವೆ ತಂತಿ ಹೋದರೆ ಊರಿಗೆ ಊರೇ ಕಾಣ್ತಿರ್ತದೆ!

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಮರವಂತೆಯಲ್ಲಂತೂ ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಗಾಳಿಯಲ್ಲಿ ತೇವವೂ ಇದೆ, ಉಪ್ಪೂ ಇದೆ. ಯಕ್ಷಗಾನ ಮೇಳಗಳಿಗಾದರೂ ಮಳೆಗಾಲದಲ್ಲಿ ತಿರುಗಾಟದಿಂದ ಬಿಡುವು ಸಿಗ್ತದೆ. ಗಿಟಾರಿನ ಲೋಹಕ್ಕೆ ಆ ಬಿಡುವಿಲ್ಲ.

ಸ್ಯಾಡಲ್ ಅಂದ್ರೆ ಎಂತ?

ವೀಣೆ, ಪಿಟೀಲು ನುಡಿಸುವವರು ತಂತಿ ಹೊರುವ ಸೇತುವೆಯನ್ನು ‘ಕುದುರೆ’ ಅಂತಾರೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಆ ಕುದುರೆಯ ಮೇಲೆ ತಂತಿ ಕೂರುವ ಪುಟ್ಟ ತುಂಡುಗಳಿರುತ್ತವೆ. ಅವೇ ಸ್ಯಾಡಲ್, ನಮ್ಮ ಮಾತಿನಲ್ಲಿ ಜೀನು. ಕೆಲಸ ಎರಡು: ತಂತಿ ಎಷ್ಟು ಎತ್ತರದಲ್ಲಿರಬೇಕು, ಅದರ ಮಿಡಿಯುವ ಉದ್ದ ಎಲ್ಲಿಗೆ ಮುಗಿಯಬೇಕು ಅಂತ ನಿರ್ಧರಿಸುವುದು. ಉದ್ದ ಸ್ವಲ್ಪ ತಪ್ಪಿದರೂ ಬಿಟ್ಟ ತಂತಿ ಶ್ರುತಿಯಲ್ಲಿದ್ದು, ಮೇಲಿನ ಫ್ರೆಟ್‌ಗಳಲ್ಲಿ ಸ್ವರ ಕೆಡುತ್ತದೆ.

ಬದಲಿಸಲೇಬೇಕಾ?

ದುಡ್ಡು ಹಾಕುವ ಮೊದಲು ಇದನ್ನು ಕಾಣಿ. ತಂತಿ ಸ್ಯಾಡಲ್ ಮೇಲೆಯೇ ತುಂಡಾಗುತ್ತಿದ್ದರೆ ಅಲ್ಲಿ ಚೂಪಾದ ಅಂಚು ಎದ್ದಿರಬಹುದು. 1000 ನಂಬರಿನ ಅಥವಾ ಅದಕ್ಕಿಂತ ನಯವಾದ ಎಮರಿ ಕಾಗದದಲ್ಲಿ ಮೆಲ್ಲಗೆ ಉಜ್ಜಿ, ಆ ಜಾಗಕ್ಕೆ ಪೆನ್ಸಿಲ್ ಸೀಸ ಹಚ್ಚಿ. ಎಷ್ಟೋ ಗಿಟಾರುಗಳಿಗೆ ಇಷ್ಟೇ ಸಾಕಾಗ್ತದೆ. ಎತ್ತರದ ಸ್ಕ್ರೂ ಮಾತ್ರ ತುಕ್ಕು ಹಿಡಿದಿದ್ದರೆ ಸ್ಕ್ರೂ ಒಂದನ್ನೇ ಬದಲಿಸಬಹುದು. ಸ್ಕ್ರೂ ತಿರುಗದೆ ತಲೆ ಸವೆದು ಹೋಗಿದ್ದರೆ, ಲೇಪ ಎದ್ದು ಗುಳಿ ಬಿದ್ದಿದ್ದರೆ, ತಂತಿ ಕೂರುವ ಗೆರೆ ಆಳವಾಗಿ ಕೊರೆದಿದ್ದರೆ ಹೊಸತು ತರಿಸಿ.

ಮೊದಲು ಅಳತೆ, ಆಮೇಲೆ ಆರ್ಡರ್

ಎಲ್ಲ ಸ್ಯಾಡಲ್ ಎಲ್ಲ ಗಿಟಾರಿಗೂ ಆಗುವುದಿಲ್ಲ. 1954ರಲ್ಲಿ ಬಂದ ಸ್ಟ್ರ್ಯಾಟೊಕಾಸ್ಟರ್ ಮಾದರಿಯಲ್ಲಿ ತಂತಿಗೊಂದರಂತೆ ಆರು. ಹಳೇ ರೀತಿಯ ಟೆಲಿಕಾಸ್ಟರಿನಲ್ಲಿ ಎರಡು ತಂತಿಗೆ ಒಂದರಂತೆ ಮೂರೇ. ಗಿಬ್ಸನ್ ಮಾದರಿಯ ಟ್ಯೂನ್‌-ಒ-ಮ್ಯಾಟಿಕ್, ಫ್ಲಾಯ್ಡ್ ರೋಸ್‌ಗಳ ಸ್ಯಾಡಲ್‌ಗಳೇ ಬೇರೆ.

ಸ್ಟ್ರ್ಯಾಟ್ ಮಾದರಿಯಾದರೆ ಒಂದು ತುದಿಯ ‘ಇ’ ತಂತಿಯ ನಡುವಿನಿಂದ ಇನ್ನೊಂದು ತುದಿಯ ‘ಇ’ ತಂತಿಯ ನಡುವಿಗೆ ಸ್ಯಾಡಲ್ ಮೇಲೆಯೇ ಅಳೆಯಿರಿ. ಪಿಯುಸಿ ಲ್ಯಾಬಿನ ವರ್ನಿಯರ್ ಕ್ಯಾಲಿಪರ್ ನೆನಪಿದೆಯಲ್ವಾ, ಅದೇ ಒಳ್ಳೆಯದು. ಬಂದ ಅಂಕಿಯನ್ನು 5ರಿಂದ ಭಾಗಿಸಿ. ಒಟ್ಟು 52.5 ಮಿ.ಮೀ. ಇದ್ದರೆ ತಂತಿಗಳ ನಡುವೆ 10.5, 54 ಇದ್ದರೆ 10.8, ಹಳೇ ಫೆಂಡರ್ ಅಳತೆಯ 56.4 ಇದ್ದರೆ ಸುಮಾರು 11.3. 10.5ರ ಬ್ರಿಡ್ಜಿಗೆ 10.8ರ ಸ್ಯಾಡಲ್ ತರಿಸಿದರೆ ಆರೂ ಒಂದಕ್ಕೊಂದು ಒತ್ತಿಕೊಂಡು ಕೂರುವುದೇ ಇಲ್ಲ.

ಸ್ಯಾಡಲ್‌ನ ಉದ್ದ, ಹಿಂದಿನ ಸ್ಕ್ರೂವಿನ ದಪ್ಪ, ಅದರ ಎಳೆ ಇಂಚಿನದೋ ಮೆಟ್ರಿಕ್ಕೋ ಎಂಬುದನ್ನೂ ನೋಡಿ. ಎತ್ತರದ ಸ್ಕ್ರೂವಿಗೆ ಏಷ್ಯಾದಲ್ಲಿ ತಯಾರಾದ ಅನೇಕ ಗಿಟಾರುಗಳಲ್ಲಿ 1.5 ಮಿ.ಮೀ. ಅಲೆನ್ ಕೀ ಬೇಕು, ಅಮೆರಿಕದ ಫೆಂಡರ್‌ಗೆ 0.050 ಇಂಚಿನದು. ತಪ್ಪು ಕೀ ಹಾಕಿ ತಿರುಗಿಸಿದರೆ ಸ್ಕ್ರೂವಿನ ಕಥೆ ಅಲ್ಲಿಗೇ ಮುಗೀತು. ಇನ್ನೊಂದು ಲೆಕ್ಕ: ಆರು ಸ್ಯಾಡಲ್‌ಗಳ ಬೆಲೆ ಇಡೀ ಬ್ರಿಡ್ಜಿನ ಬೆಲೆಯ ಹತ್ತಿರ ಬಂದರೆ, ಸ್ಕ್ರೂ ತೂತುಗಳು ಹೊಂದುವ ಬ್ರಿಡ್ಜನ್ನೇ ತರಿಸುವುದು ಜಾಣತನ.

ಯಾವ ಲೋಹ?

*ಸತುವಿನ ಎರಕ:* ಅಗ್ಗದ ಗಿಟಾರುಗಳಲ್ಲಿ ಸಾಮಾನ್ಯ. ಮೇಲಿನ ಕ್ರೋಮ್ ಲೇಪ ಇರುವ ತನಕ ಚಂದ. ಲೇಪ ಬಿರುಕು ಬಿಟ್ಟರೆ ಒಳಗೆ ಹೊಕ್ಕ ಉಪ್ಪು ಸುಮ್ಮನಿರುವುದಿಲ್ಲ.

*ಮಡಚಿದ ಉಕ್ಕು:* ಹಳೇ ಸ್ಟ್ರ್ಯಾಟಿನ ರೂಪ ಬೇಕೆನ್ನುವವರಿಗೆ ಇಷ್ಟ. ಒರೆಸಿ ಇಡುವ ಅಭ್ಯಾಸ ಇಲ್ಲದಿದ್ದರೆ ಕಡಲ ಹತ್ತಿರ ಬೇಡ.

*ಹಿತ್ತಾಳೆ:* ಕೆಂಪು ತುಕ್ಕು ಹಿಡಿಯುವುದಿಲ್ಲ, ಆದರೆ ಕಪ್ಪಾಗ್ತದೆ, ಕಿಲುಬು ಕಟ್ಟುತ್ತದೆ. ದೀಪ ತಿಕ್ಕಿದ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ ಮಾರಾಯ್ರೆ, ಆ ಹುಳಿ ಸ್ಕ್ರೂವಿನ ಎಳೆಯಲ್ಲಿ ಉಳಿದುಬಿಡುತ್ತದೆ.

*ಸ್ಟೇನ್‌ಲೆಸ್ ಸ್ಟೀಲ್:* ನಮ್ಮ ಕಡೆಗೆ ನನ್ನ ಮೊದಲ ಆಯ್ಕೆ. ಉಪ್ಪುಗಾಳಿ ಕಬ್ಬಿಣವನ್ನು ಎಂತ ಮಾಡ್ತದೆ ಅಂತ ಗಂಗೊಳ್ಳಿ ಬಂದರಿನಲ್ಲಿ ಬೋಟ್ ಇಟ್ಟವರನ್ನು ಕೇಳಿ. ಸ್ಯಾಡಲ್ ಮಾತ್ರವಲ್ಲ, ಸ್ಕ್ರೂಗಳೂ ಸ್ಟೇನ್‌ಲೆಸ್ ಅಂತ ಬರೆದಿದೆಯಾ ನೋಡಿಕೊಳ್ಳಿ. ಮೊದಲು ಕೆಡುವುದು ಅವೇ.

*ಪಿಟಿಎಫ್‌ಇ ಬೆರೆಸಿದವು:* ಗ್ರಾಫ್ ಟೆಕ್ ಕಂಪನಿಯ ‘ಸ್ಟ್ರಿಂಗ್ ಸೇವರ್’ ಈ ಜಾತಿಯದು. ತಂತಿ ಜಾರಲು ಸಲೀಸು. ತಂತಿ ಪದೇಪದೇ ತುಂಡಾಗುವವರು, ಟ್ರೆಮೊಲೊ ಹಿಡಿ ಹೆಚ್ಚು ಬಳಸುವವರು ಯೋಚಿಸಬಹುದು.

“ನಾದ ಬದಲಾಗ್ತದಾ?” ಅಂದರೆ, ಸ್ವಲ್ಪ ಆಗಬಹುದು. ಆದರೆ ಹೊಸ ತಂತಿ, ಪಿಕಪ್‌ನ ಎತ್ತರ, ಆಂಪ್ಲಿಫೈಯರ್ ಇವುಗಳಿಂದ ಆಗುವ ವ್ಯತ್ಯಾಸ ಅದಕ್ಕಿಂತ ದೊಡ್ಡದು. ನಾದಕ್ಕಾಗಿ ದುಬಾರಿ ಟೈಟಾನಿಯಂ ತರಿಸುವ ಮೊದಲು 1 ಸೆಟ್ ಹೊಸ ತಂತಿ ಹಾಕಿ ಕೇಳಿ.

ಹಾಕುವಾಗ

ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಸ್ಯಾಡಲ್‌ಗಳನ್ನು ಒಂದೊಂದಾಗಿ ಬದಲಿಸಿ; ಹಳೆಯದು ಎಲ್ಲಿತ್ತೋ ಹೊಸತೂ ಸುಮಾರು ಅಲ್ಲೇ ಇರಲಿ. ತುಕ್ಕಿನ ಸ್ಕ್ರೂ ಹಟ ಮಾಡಿದರೆ ತುಕ್ಕು ಬಿಡಿಸುವ ಎಣ್ಣೆಯ ಒಂದು ಹನಿಯನ್ನು ಕಡ್ಡಿಯ ತುದಿಯಲ್ಲಿ ಬಿಟ್ಟು ರಾತ್ರಿ ಹಾಗೇ ಇಡಿ. ಮರಕ್ಕೂ ಪಿಕಪ್ಪಿಗೂ ತಾಗಿಸಬೇಡಿ.

ಆಮೇಲೆ ಹೊಸ ತಂತಿ ಹಾಕಿ, ಎತ್ತರ ಸರಿಮಾಡಿ, ಟ್ಯೂನರ್ ಆ್ಯಪ್ ತೆರೆಯಿರಿ. 12ನೇ ಫ್ರೆಟ್ ಮೇಲೆ ತಂತಿಯನ್ನು ಬರೇ ಮುಟ್ಟಿ ಹಾರ್ಮೋನಿಕ್ ನುಡಿಸಿ, ನಂತರ ಅಲ್ಲೇ ಒತ್ತಿ ನುಡಿಸಿ. ಒತ್ತಿದ ಸ್ವರ ಏರಿದ್ದರೆ ಸ್ಯಾಡಲ್ ಹಿಂದಕ್ಕೆ ಸರಿಸಿ, ಇಳಿದಿದ್ದರೆ ನೆಕ್ ಕಡೆಗೆ. ಸರಿಸಿದಾಗಲೆಲ್ಲ ಮತ್ತೆ ಶ್ರುತಿ ಮಾಡಿ ನೋಡಬೇಕು. ಆರು ತಂತಿಗೆ ಅರ್ಧ ಗಂಟೆ ಹಿಡಿದೀತು. ತಾಳ್ಮೆ ಇದ್ದರೆ ಸಾಕು.

ಇನ್ನು ನುಡಿಸಿದ ಮೇಲೆ ಬೆವರು ಒರೆಸಿ, ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಮತ್ತೆ ಬೆಂಗಳೂರಿಗೆ ಹೊರಡುವವರು ಮನೆಯವರಿಗೆ ಒಂದು ಮಾತು ಹೇಳಿ ಹೋಗಿ: ಗಿಟಾರ್ ಅಟ್ಟಕ್ಕೆ ಬೇಡ, ಗಾಳಿಯಾಡುವ ಕೋಣೆಯಲ್ಲಿರಲಿ. ಮಳೆ ಬಿಟ್ಟ ದಿನ ಯಾರಾದರೂ ಒಮ್ಮೆ ಚೀಲ ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿದರೆ, ಹೊಸ ಜೀನು ಬಹಳ ಕಾಲ ಬಾಳುತ್ತದೆ.